ಪ್ರಕರಣ: ನಿದ್ದೆ ಬಾರದ ಟ್ರೈನಿ, ಅಕ್ಕನ ಮನೆಯ ಡಬ್ಬಿ

ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ಸಂಘವೊಂದರ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಾನು ಆಪ್ತಸಲಹೆಗೆ ಕೂರುತ್ತೇನೆ. ಸ್ಮಿತಾ ಅಲ್ಲಿಗೆ ಬಂದವಳು. ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವಳು ಒಪ್ಪಿದ್ದಾಳೆ. ಕಂಪನಿಗಳ ಪ್ರಚಾರ ನೋಡಿಕೊಳ್ಳುವ ಪಿಆರ್ ಕೆಲಸಕ್ಕೆ ಬರಲು ಆಸೆಪಡುವ ಹುಡುಗ ಹುಡುಗಿಯರು ಓದಲಿ ಎಂದು ಅವಳೇ ಒತ್ತಾಯ ಮಾಡಿದಳು.

ವಯಸ್ಸು 23. ಮನೆ ಡೊಂಬಿವಲಿ. ಅಪ್ಪ ಉಡುಪಿ ಹೋಟೆಲೊಂದರಲ್ಲಿ ಕ್ಯಾಶಿಯರ್. ಮಾಸ್ ಮೀಡಿಯಾ ಓದಿ ಲೋವರ್ ಪರೇಲ್‌ನ ಒಂದು ಪಿಆರ್ ಏಜೆನ್ಸಿಗೆ ಟ್ರೈನಿಯಾಗಿ ಸೇರಿ ಎಂಟು ತಿಂಗಳು. ನಾನು "ನೀವು" ಎಂದಾಗ, "ನೀನು ಅನ್ನಿ ಆಂಟಿ, ಇಲ್ಲಾಂದ್ರೆ ಇಂಟರ್‌ವ್ಯೂ ಥರ ಅನ್ಸುತ್ತೆ" ಎಂದಳು.

ಅವಳ ಕಷ್ಟ, ನಿದ್ದೆ ಬರುವುದಿಲ್ಲ. "ದಿನಾ ಏನೋ ಹೊಸದು ಬರುತ್ತೆ ಆಂಟಿ. ನಾನು ಹಿಂದೆ ಬೀಳ್ತಿದ್ದೀನಿ." ರಾತ್ರಿ ಎರಡಕ್ಕೆ ಎದ್ದು ರೀಲ್‌ಗಳಲ್ಲಿ ಯಾವ ಆಡಿಯೋ ಓಡುತ್ತಿದೆ ಎಂದು ನೋಡುತ್ತಾಳೆ. ಬೆಳಿಗ್ಗೆ ಲೋಕಲ್‌ನಲ್ಲಿ ನಿಂತುಕೊಂಡೇ ಅದನ್ನು ಬರೆದಿಡುತ್ತಾಳೆ. ಮುಂದಿನ ವಾರ ಆ ನೋಟ್‌ಬುಕ್ ತಾ ಎಂದೆ. ನೀಲಿ ರಟ್ಟಿನ ಪುಸ್ತಕ, ರೈಲಿನ ಕುಲುಕಾಟಕ್ಕೆ ಸೊಟ್ಟಗಾದ ಅಕ್ಷರ. ಹಾಡಿನ ತುಣುಕು, ಮೀಮ್, ಎಐ ಟೂಲ್, ಹ್ಯಾಶ್‌ಟ್ಯಾಗ್ ಎಲ್ಲ ಸೇರಿ ಮೂರು ತಿಂಗಳಲ್ಲಿ ಅರವತ್ತಕ್ಕೂ ಜಾಸ್ತಿ. ಒಂದೊಂದರ ಪಕ್ಕದಲ್ಲೂ "ಇದು ಯಾರಿಗೆ?" ಎಂದು ಬರೆ ಅಂದೆ. ನಾಲ್ಕರ ಪಕ್ಕ ಮಾತ್ರ ಬರೆದಳು. ಮಿಕ್ಕವಕ್ಕೆ ಪೆನ್ನು ಓಡಲಿಲ್ಲ.

ಒಂದರ ಸುತ್ತ ಕೆಂಪು ಗುರುತಿತ್ತು. ಕ್ಲೈಂಟ್‌ನ ರೀಲ್‌ಗೆ ಅವಳು ಒಂದು ಸಿನಿಮಾ ಹಾಡು ಹಾಕಿದ್ದಳು. ಎರಡೇ ದಿನಕ್ಕೆ ರೀಲ್ ಮೂಕವಾಯಿತು. ನಮ್ಮ ಸ್ವಂತ ಖಾತೆಯಲ್ಲಿ ಸಿಗುವ ಹಾಡುಗಳೆಲ್ಲ ಕಂಪನಿಯ ಬಿಸಿನೆಸ್ ಖಾತೆಗೆ ಸಿಗುವುದಿಲ್ಲ. ಪ್ರಚಾರಕ್ಕೆ ಬಳಸಲು ಹಕ್ಕು ಇರುವವರಿಂದ ಬೇರೆ ಅನುಮತಿ ಬೇಕು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೈಗುಳ ಮಾತ್ರ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಎಲ್ಲರೂ ಓದುವ ಹಾಗೆ. ಆ ಅವಮಾನವೇ ನಿದ್ದೆಗೆಡಿಸಿದೆ ಎಂದು ನಾನು ಅಂದುಕೊಂಡೆ.

ಅದಾಗಿರಲಿಲ್ಲ. ಮೂರನೇ ಭೇಟಿಯಲ್ಲಿ ಎದ್ದು ಬಾಗಿಲವರೆಗೆ ಹೋದವಳು ತಿರುಗಿ ಬಂದು ಕೂತಳು. "ಒಂದು ವಿಷಯ ಹೇಳಿಲ್ಲ ಆಂಟಿ."

ಮಕ್ಕಳ ಹಾಲಿಗೆ ಬೆರೆಸುವ ಒಂದು ಪುಡಿ. ಅದನ್ನು ತನ್ನ ಮಗಳಿಗೆ ಕೊಡುವ ಹಾಗೆ ರೀಲ್ ಮಾಡಲು ಜಾಲತಾಣದಲ್ಲಿ ತುಂಬಾ ಜನ ಹಿಂಬಾಲಿಸುವ ಒಬ್ಬ ಇನ್‌ಫ್ಲುಯೆನ್ಸರ್‌ಗೆ ಏಜೆನ್ಸಿಯವರು ದುಡ್ಡು ಕೊಟ್ಟಿದ್ದರು. ಆಕೆ ನಿಯಮದಂತೆ ಜಾಹೀರಾತು ಎಂಬ ಲೇಬಲ್ ಹಾಕಿದ್ದಳು. "ಅದನ್ನ ತೆಗೆಸು, ಸಹಜವಾಗಿ ಕಾಣಲಿ, ರೀಚ್ ಬರುತ್ತೆ" ಎಂದರು ಮ್ಯಾನೇಜರ್. ಫೋನ್ ಮಾಡಿ ತೆಗೆಸಿದವಳು ಸ್ಮಿತಾ. ರೀಲ್ ಚೆನ್ನಾಗಿ ಓಡಿತು. ಎರಡು ವಾರ ಬಿಟ್ಟು ಅಕ್ಕನ ಮನೆಗೆ ಹೋದರೆ, ಅಡುಗೆ ಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಯ ಪಕ್ಕ ಅದೇ ಪುಡಿಯ ಡಬ್ಬಿ. ಮುಚ್ಚಳದ ಮೇಲೆ ಪುಡಿ ಅಂಟಿದ ಚಮಚ. "ಆಕೆ ತನ್ನ ಮಗಳಿಗೇ ಕೊಡ್ತಾಳಲ್ಲ ಕಣೇ, ಒಳ್ಳೇದೇ ಇರ್ಬೇಕು" ಎಂದಳಂತೆ ಅಕ್ಕ. ಸ್ಮಿತಾ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದಳು.

ನಿದ್ದೆ ಕೆಟ್ಟಿದ್ದು ಅವತ್ತಿಂದ. ರಾತ್ರಿ ಎರಡಕ್ಕೆ ಟ್ರೆಂಡ್ ಹುಡುಕುವುದು ಆ ಡಬ್ಬಿಯನ್ನು ಮರೆಯಲಿಕ್ಕೆ. ನಾನು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ತಪ್ಪು ನಡೆದಿದೆ, ಅದರಲ್ಲಿ ನಿನ್ನ ಪಾಲೂ ಇದೆ, ಅದು ಚುಚ್ಚುವುದು ಸರಿಯಾಗಿಯೇ ಇದೆ ಎಂದೆ. ಅವಳು ತುಂಬಾ ಹೊತ್ತು ಅತ್ತಳು. ಆಮೇಲೆ, "ಕೆಲಸ ಬಿಡ್ಲಾ?" ನಿದ್ದೆಗೆಟ್ಟ ತಲೆಯಲ್ಲಿ ಅಂಥ ತೀರ್ಮಾನ ಬೇಡ, ಮೊದಲು ನಿಯಮ ಸರಿಯಾಗಿ ತಿಳಿದುಕೋ ಎಂದೆ.

ಇಬ್ಬರೂ ಕೂತು ಓದಿದೆವು. ಜಾಹೀರಾತು ಕ್ಷೇತ್ರದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ತಂದಿದೆ. ಲೇಬಲ್ ಮೊದಲ ನೋಟಕ್ಕೇ ಕಾಣಬೇಕು, ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿಡಬಾರದು. 15 ಸೆಕೆಂಡಿನೊಳಗಿನ ವಿಡಿಯೋದಲ್ಲಿ ಕನಿಷ್ಠ 3 ಸೆಕೆಂಡ್ ಇರಬೇಕು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಸೂಚನೆ ಹೊರಡಿಸಿತು. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ಸಾಮಾನು, ಪ್ರವಾಸ, ರಿಯಾಯಿತಿ ಪಡೆದಿದ್ದರೂ ಹೇಳಲೇಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. "ಇದನ್ನ ಕಾಲೇಜಲ್ಲಿ ಓದಿದ್ದೆ ಆಂಟಿ" ಎಂದಳು ಮೆಲ್ಲಗೆ.

ಮ್ಯಾನೇಜರ್ ಜೊತೆ ಜಗಳ ಬೇಡ, ಮೇಲ್ ಬರೆ ಎಂದೆ. ಮೂರೇ ಸಾಲು. "ಸರ್, ಆ ರೀಲ್‌ಗೆ ಲೇಬಲ್ ಮತ್ತೆ ಹಾಕಿಸೋಣ. ನಿಯಮ ಹೀಗಿದೆ. ಕ್ಲೈಂಟ್‌ಗೂ ಇದರಲ್ಲಿ ರಿಸ್ಕ್ ಇದೆ." ಆಪಾದನೆಯ ಮಾತು ಒಂದೂ ಬೇಡ. ಬಾಯಿಮಾತಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ, ಅದೂ ಟ್ರೈನಿಯ ಮಾತಿಗೆ. ಅಕ್ಕನಿಗೆ ಯಾವಾಗ ಹೇಳಬೇಕು ಎನ್ನುವುದನ್ನು ಅವಳಿಗೇ ಬಿಟ್ಟೆ.

ಟ್ರೆಂಡ್ ಬಗ್ಗೆಯೂ ಮಾತಾಡಿದೆವು, ಯಾಕೆಂದರೆ ಆ ಭಯ ಪೂರ್ತಿ ಸುಳ್ಳಲ್ಲ. ಈ ಕೆಲಸದಲ್ಲಿ ಹೊಸದು ಗೊತ್ತಿರಲೇಬೇಕು. ಆದರೆ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ, ಜುಲೈಯಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಇಲ್ಲಿಗೆ ಬಂದಿದ್ದನ್ನು ನೆನಪಿಸಿದೆ. ಆ್ಯಪ್ ಹೋದಾಗ ಅಲ್ಲಿನ ಫಾಲೋವರ್ಸ್ ಲೆಕ್ಕವೂ ಹೋಯಿತು, ಅರ್ಧ ನಿಮಿಷದಲ್ಲಿ ವಿಷಯ ಹೇಳುವ ಕೈಗುಣ ಉಳಿಯಿತು. ದಿನಕ್ಕೆ ಅರ್ಧ ಗಂಟೆ, ಆಫೀಸಿನ ವೇಳೆಯಲ್ಲೇ ಟ್ರೆಂಡ್ ನೋಡು. "ಯಾರಿಗೆ?" ಎಂಬುದಕ್ಕೆ ಉತ್ತರ ಸಿಗದಿದ್ದರೆ ಬರೆಯಲೇಬೇಡ. ಉಳಿದ ಹೊತ್ತು ಸಿಟ್ಟಿನ ಕಮೆಂಟಿಗೆ ಮರ್ಯಾದೆಯಿಂದ ಉತ್ತರ ಕೊಡುವುದನ್ನು, ವರದಿಗಾರರು ಫೋನ್ ಇಡುವ ಮೊದಲೇ ಸುದ್ದಿ ಹೇಳುವುದನ್ನು ಕಲಿ.

ಇನ್ನೊಂದು ಮಾತಿಗೆ ಅವಳು ಮೊದಲ ಸಲ ನಕ್ಕಳು. ತುಳು, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ಐದು ಭಾಷೆ ಬರುತ್ತದೆ ಅವಳಿಗೆ. ಬ್ರ್ಯಾಂಡ್‌ಗಳೆಲ್ಲ ಪ್ರಾದೇಶಿಕ ಭಾಷೆಯ ಹಿಂದೆ ಬಿದ್ದಿರುವ ಕಾಲ ಇದು. ಅರವತ್ತು ಟ್ರೆಂಡ್ ಬರೆದ ಪುಸ್ತಕದಲ್ಲಿ ಅದೊಂದೇ ಇರಲಿಲ್ಲ.

ರಾತ್ರಿ ಫೋನು ಹೊರಕೋಣೆಯಲ್ಲಿ, ಅಪ್ಪನ ಹಳೇ ಅಲಾರಾಂ ಗಡಿಯಾರ ತಲೆಹತ್ತಿರ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಎಂದು ಹೇಳಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟೆ. ಅದರ ಅಗತ್ಯ ಬೀಳಲಿಲ್ಲ.

ಮೇಲ್ ನೋಡಿ ಮ್ಯಾನೇಜರ್ ಎರಡು ದಿನ ಮಾತಾಡಲಿಲ್ಲವಂತೆ. ಮೂರನೇ ದಿನ ಲೇಬಲ್ ವಾಪಸ್ ಬಂತು. ಅಕ್ಕ ಒಂದು ವಾರ ಮುನಿಸಿಕೊಂಡಿದ್ದಳು. ಈಗ ಯಾವ ರೀಲ್ ಕಂಡರೂ ತಂಗಿಗೆ ಕಳಿಸಿ, "ಇದು ದುಡ್ಡು ಕೊಟ್ಟು ಹೇಳಿಸಿದ್ದಾ ನೋಡೇ" ಎನ್ನುತ್ತಾಳೆ. ಸ್ಮಿತಾ ನೋಡಿ ಹೇಳುತ್ತಾಳೆ.