ಹಳೆಯ ಚೀಟಿ ಹುಡುಕಿ ತೆಗೆಯಿರಿ, ತಂಗಿ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 51 ವರ್ಷ, ರಾಣೆಬೆನ್ನೂರಿನ ಹತ್ತಿರ ನಮ್ಮ ಊರು. 2007ರಲ್ಲಿ ಬಾಯಿ ತುಂಬ ಹುಣ್ಣಾಗಿ, ಆಮೇಲೆ ಮೈಮೇಲೆ ನೀರುಗುಳ್ಳೆ ಎದ್ದವು. ಪೆಂಫಿಗಸ್ ಅಂದರು. 28 ದಿನಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಮೂರು ದಿನ ಬಾಟಲಿ ಹಾಕಿಸಿಕೊಳ್ಳುತ್ತಿದ್ದೆ, ಮನೆಯಲ್ಲಿ ದಿನಾ ಒಂದು ಮಾತ್ರೆ. ಹೀಗೆ 14 ಸಲ. ಆಮೇಲೆ ಒಂಬತ್ತು ತಿಂಗಳು ಬರೀ ಮಾತ್ರೆ. ಪೂರ್ತಿ ವಾಸಿಯಾಗಿತ್ತು. ಈಗ ಐದು ತಿಂಗಳಿಂದ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತೇನೆ. ಎರಡು ಸಲ ಕೆಂಪಗೆ ಹೋಯಿತು, ನೋವಿರಲಿಲ್ಲ. ಮೆಡಿಕಲ್ ಶಾಪಿನವರು ಉರಿಮೂತ್ರದ ಮಾತ್ರೆ ಕೊಟ್ಟರು. ಈಚೆಗೆ ಬಾಯಲ್ಲಿ ಮತ್ತೆ ಹುಣ್ಣು. ದೊಡ್ಡಾಸ್ಪತ್ರೆಯಲ್ಲಿ ಹೊಸ ಔಷಧಿಯ ಸಂಶೋಧನೆಗೆ ಸೇರಿಕೊಳ್ಳಿ ಅನ್ನುತ್ತಾರೆ. ಮಗ, ‘ನೀನು ಪ್ರಯೋಗಪಶು ಆಗಬೇಡವ್ವಾ’ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ತಂಗೀ, ಸಂಶೋಧನೆಯ ಮಾತು ಆಮೇಲೆ. ಮೊದಲು ಆ ಕೆಂಪು ಮೂತ್ರ. ಎರಡೇ ಸಲ ಆಯಿತು, ನೋವಿರಲಿಲ್ಲ, ತಾನಾಗಿ ನಿಂತಿತು ಎಂದು ಸುಮ್ಮನಿರಬೇಡಿ. ಈ ವಾರವೇ ಮೂತ್ರರೋಗ ತಜ್ಞರ ಹತ್ತಿರ ಹೋಗಿ.

ಔಷಧಿಯ ಹೆಸರು ನೀವು ಬರೆದಿಲ್ಲ. ಆದರೆ 28 ದಿನ, ಮೂರು ಬಾಟಲಿ ಎಂದಾಗಲೇ ನನಗೆ ಗುರುತು ಸಿಕ್ಕಿತು. ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ.ಎಸ್. ಪಸ್ರೀಚಾ ಅವರು 1980ರ ದಶಕದಲ್ಲಿ ರೂಪಿಸಿದ ‘ಪಲ್ಸ್’ ಚಿಕಿತ್ಸೆ ಅದು. ದಿನಕ್ಕೆ 100 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಮೂರರಲ್ಲಿ ಒಂದು ದಿನ ಜೊತೆಗೆ 500 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್. ಮನೆಯಲ್ಲಿ ನುಂಗುವ 50 ಮಿಲಿಗ್ರಾಂ ಮಾತ್ರೆಯೂ ಸೈಕ್ಲೋಫಾಸ್ಫಮೈಡ್‌ದೇ. ಪೆಂಫಿಗಸ್‌ನಲ್ಲಿ ನಮ್ಮ ದೇಹದ ರಕ್ಷಣಾ ಪಡೆಯೇ ಚರ್ಮದ ಜೀವಕೋಶಗಳನ್ನು ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಅಂಟಿನ ಮೇಲೆ ಬೀಳುತ್ತದೆ. ಸ್ಟೀರಾಯ್ಡ್ ಬರುವ ಮೊದಲು ಈ ರೋಗ ಬಂದವರು ಹೆಚ್ಚಾಗಿ ಉಳಿಯುತ್ತಿರಲಿಲ್ಲ. ಪಲ್ಸ್ ಕೊಟ್ಟು ಎಷ್ಟೋ ಜನರನ್ನು ಮನೆಗೆ ಕಳಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ನಿಮ್ಮನ್ನು ಉಳಿಸಿದ್ದೂ ಅದೇ.

ಆದರೆ ಸೈಕ್ಲೋಫಾಸ್ಫಮೈಡ್ ಪಿತ್ತಜನಕಾಂಗದಲ್ಲಿ ಒಡೆದಾಗ ಅಕ್ರೋಲೀನ್ ಎಂಬ ವಿಷವೂ ಹುಟ್ಟುತ್ತದೆ. ಅದು ಮೂತ್ರದ ಜೊತೆ ಮೂತ್ರಚೀಲಕ್ಕೆ ಇಳಿದು, ನಿಂತಷ್ಟು ಹೊತ್ತೂ ಒಳಪದರವನ್ನು ಸುಡುತ್ತದೆ. ಅದಕ್ಕೇ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳಿ, ನೀರು ಜಾಸ್ತಿ ಕುಡಿಯಿರಿ, ಮೂತ್ರ ಕಟ್ಟಬೇಡಿ ಎಂದು ಹೇಳುವುದು. ಪ್ರಮಾಣ ದೊಡ್ಡದಾದರೆ ಆ ವಿಷವನ್ನು ಹಿಡಿದು ಕಟ್ಟುವ ಮೆಸ್ನಾ ಎಂಬ ಔಷಧಿ ಕೊಡುತ್ತಾರೆ.

ನಾನು ಚಿಕ್ಕ ಡಾಕ್ಟರಾಗಿದ್ದಾಗ ಬೆಟಗೇರಿಯ ನೇಕಾರರ ಮನೆಯ ಹೆಣ್ಣುಮಗಳೊಬ್ಬಳು ಪಲ್ಸ್‌ಗೆ ಬರುತ್ತಿದ್ದಳು. ಬಾಟಲಿ ಮುಗಿದ ಮೇಲೆ ಎರಡು ಬಸ್ಸು ಬದಲಿಸಿ ಊರು ಸೇರಬೇಕು. ದಾರಿಯಲ್ಲಿ ಹೆಂಗಸರು ಹೋಗುವಂಥ ಜಾಗ ಒಂದೂ ಇಲ್ಲ. ಹಾಗಾಗಿ ಅವಳು ಆ ದಿನಗಳಲ್ಲಿ ನೀರೇ ಮುಟ್ಟುತ್ತಿರಲಿಲ್ಲ. ನಾವು ‘ನೀರು ಕುಡಿಯಮ್ಮಾ’ ಎಂದು ಚೀಟಿ ಮೇಲೆ ಬರೆದದ್ದೇ ಬಂತು, ಅವಳು ಹೇಗೆ ಕುಡಿದಾಳು ಎಂದು ಯಾರೂ ಕೇಳಲಿಲ್ಲ. ಎಂಟನೆಯ ಸಲ ಬಂದಾಗ ಮೂತ್ರದಲ್ಲಿ ರಕ್ತದ ಹೆಪ್ಪು. ಅವತ್ತಿನಿಂದ ನಾನು ಪ್ರತಿಯೊಬ್ಬರಿಗೂ ಮೊದಲು ಕೇಳುವುದು ಊರು ಎಷ್ಟು ದೂರ, ಬಸ್ಸು ಎಷ್ಟು ಹೊತ್ತಿಗೆ ಎಂದು. ನೀವು ಆ 14 ತಿಂಗಳು ಹೇಗೆ ಓಡಾಡಿದಿರೋ ನೆನಪು ಮಾಡಿಕೊಳ್ಳಿ.

ಇನ್ನು ನಿಮ್ಮ ಮೈಗೆ ಹೋದ ಸೈಕ್ಲೋಫಾಸ್ಫಮೈಡ್ ಎಷ್ಟೆಂಬ ಲೆಕ್ಕ. ತಿಂಗಳಿಗೆ ಸುಮಾರು 2 ಗ್ರಾಂನಂತೆ 14 ಸಲಕ್ಕೆ 28 ಗ್ರಾಂ, ಆಮೇಲಿನ ಒಂಬತ್ತು ತಿಂಗಳಿಗೆ 13ಕ್ಕೂ ಹೆಚ್ಚು. ಒಟ್ಟು 40 ದಾಟುತ್ತದೆ. ರಕ್ತನಾಳದ ಉರಿಯೂತಕ್ಕೆ ಇದೇ ಔಷಧಿ ತೆಗೆದುಕೊಂಡವರನ್ನು ಡೆನ್ಮಾರ್ಕಿನಲ್ಲಿ ವರ್ಷಗಟ್ಟಲೆ ಗಮನಿಸಿದಾಗ, 36 ಗ್ರಾಂ ಮೀರಿದವರಲ್ಲಿ ಮೂತ್ರಚೀಲದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಔಷಧಿ ನಿಲ್ಲಿಸಿ ಎಷ್ಟೋ ವರ್ಷದ ಮೇಲೂ ಬರಬಹುದು. ನಿಮಗೆ ಅದೇ ಆಗಿದೆ ಎಂದು ಹೇಳುತ್ತಿಲ್ಲ. ಹಳೆಯ ಗಾಯದಿಂದ ಚೀಲ ಬಿಗಿದಿರಬಹುದು, ಕಲ್ಲೋ ಸೋಂಕೋ ಇರಬಹುದು. ಒಳಗೆ ಕ್ಯಾಮೆರಾ ಇಳಿಸಿ ನೋಡದೆ ತಿಳಿಯದು. ಸಿಸ್ಟೋಸ್ಕೋಪಿ ಎನ್ನುತ್ತಾರೆ. ಮರಗಟ್ಟಿಸುವ ಜೆಲ್ ಹಾಕಿ ಮಾಡುತ್ತಾರೆ, ಕೆಲವೇ ನಿಮಿಷದ ಕೆಲಸ. ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಯಲ್ಲೂ ರಾತ್ರಿ ಹೀಗೇ ಏಳಬೇಕಾಗುತ್ತದೆ.

ಅಷ್ಟರವರೆಗೆ ‘ಪದೇಪದೇ ಹೋಗುವುದು ನಿಲ್ಲಲಿ’ ಎಂದು ಮಾತ್ರೆ ಶುರು ಮಾಡಬೇಡಿ. ಆಕ್ಸಿಬ್ಯುಟಿನಿನ್, ಸೋಲಿಫೆನಾಸಿನ್‌ನಂಥವು ಬಾಯಿ ಒಣಗಿಸುತ್ತವೆ. ಹುಣ್ಣಾದ ಬಾಯಿಗೆ ಅದು ಇನ್ನೊಂದು ಹಿಂಸೆ. ಮಿರಾಬೆಗ್ರಾನ್‌ಗೆ ಆ ತೊಂದರೆ ಕಡಿಮೆ, ಆದರೆ ಬಿಪಿ ಏರಿಸಬಹುದು.

ಈಗ ನಿಮ್ಮ ಮಗನ ಮಾತು. ಅವನ ಭಯ ನನಗೆ ಅರ್ಥವಾಗುತ್ತದೆ, ಆದರೂ ಒಂದು ಹೇಳಬೇಕು. ಫ್ರಾನ್ಸ್‌ನಲ್ಲಿ 90 ರೋಗಿಗಳು ಒಪ್ಪಿ ಸೇರಿದ್ದರಿಂದಲೇ 2017ರಲ್ಲಿ ಒಂದು ವಿಷಯ ಖಚಿತವಾಯಿತು. ರಿಟುಕ್ಸಿಮ್ಯಾಬ್ ಎಂಬ ಔಷಧಿಯ ಜೊತೆ ಅಲ್ಪಕಾಲ ಸ್ಟೀರಾಯ್ಡ್ ಪಡೆದವರಲ್ಲಿ 100ಕ್ಕೆ 89 ಮಂದಿ ಎರಡು ವರ್ಷದ ಹೊತ್ತಿಗೆ ಔಷಧಿಯ ಹಂಗಿಲ್ಲದೆ ಚೆನ್ನಾಗಿದ್ದರು. ಬರೀ ಸ್ಟೀರಾಯ್ಡ್ ಪಡೆದವರಲ್ಲಿ 34 ಮಾತ್ರ. ಮರುವರ್ಷ ಅಮೆರಿಕ ಪೆಂಫಿಗಸ್‌ಗೆ ಅದನ್ನು ಒಪ್ಪಿತು. ಮೂತ್ರಚೀಲ ಸುಡದ ದಾರಿ ಇವತ್ತು ನಿಮಗಿದೆ ಎಂದರೆ ಅಂಥವರಿಂದ.

ಹಾಗೆಂದು ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಯಾವ ಔಷಧಿಯನ್ನು ಯಾವುದಕ್ಕೆ ಹೋಲಿಸುತ್ತಿದ್ದಾರೆ, ಬರೀ ಹುಸಿಮಾತ್ರೆ ಸಿಗುವ ಗುಂಪು ಇದೆಯೇ, ಹುಣ್ಣು ಹೆಚ್ಚಾದರೆ ಏನು ಕೊಡುತ್ತಾರೆ ಎಂದು ಕೇಳಿ. ನೋಂದಣಿ ಸಂಖ್ಯೆ ಬರೆಸಿಕೊಳ್ಳಿ, ಮಗ ಮೊಬೈಲಿನಲ್ಲೇ ದೇಶದ ಔಷಧ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐ ದಾಖಲೆ ನೋಡಬಹುದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ, ಮನೆಗೆ ತಂದು ಓದಿ. ನಡುವೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಪ್ರಯೋಗದಿಂದಲೇ ತೊಂದರೆಯಾದರೆ 2019ರ ನಿಯಮದಂತೆ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು. ಸೇರಿಸಿಕೊಳ್ಳದೆ ಬಿಟ್ಟಾರು ಎಂಬ ಅಂಜಿಕೆಯಿಂದ ಕೆಂಪು ಮೂತ್ರದ ವಿಷಯ ಮುಚ್ಚಿಡಬೇಡಿ. ‘ಮೂತ್ರಚೀಲ ನೋಡಿಸಿಕೊಂಡು ಬರುತ್ತೇನೆ’ ಎನ್ನಿ, ಒಳ್ಳೆಯ ಡಾಕ್ಟರು ಕಾಯುತ್ತಾರೆ.

2007ರ ಚೀಟಿ ಟ್ರಂಕಿನಲ್ಲಿ ಎಲ್ಲಾದರೂ ಇದ್ದೀತು, ಹುಡುಕಿ. ಸಿಗದಿದ್ದರೆ ಒಂದು ಹಾಳೆಯಲ್ಲಿ ‘ಸೈಕ್ಲೋಫಾಸ್ಫಮೈಡ್, 14 ಪಲ್ಸ್, 23 ತಿಂಗಳು ಮಾತ್ರೆ’ ಎಂದು ಮಗನ ಕೈಲಿ ಬರೆಸಿ, ಮೂತ್ರರೋಗ ತಜ್ಞರ ಮೇಜಿನ ಮೇಲೆ ಇಡಿ. ಕ್ಯಾಮೆರಾದಲ್ಲಿ ಏನು ಕಂಡಿತೆಂದು ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.