ಹಳೆಯ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಹಾಕಿಸಿದರೆ ಬಚ್ಚಲಿನ ಸೋರಿಕೆ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಹದಿನೆಂಟು ವರ್ಷದ ಮನೆ, ಮಹಡಿಯ ಬಚ್ಚಲಿನ ಕೆಳಗಿರುವ ಕೋಣೆಯ ಸೂರಿನಲ್ಲಿ ತೇವದ ಕಲೆ, "ಒಡೆಯುವುದೇ ಬೇಡ, ಮೇಲೆಯೇ ಅಂಟಿಸಿಬಿಡೋಣ" ಎನ್ನುವ ಮೇಸ್ತ್ರಿ, ಅದೇ ನೆಪದಲ್ಲಿ ನಡುಮನೆಯ ಮೊಸಾಯಿಕ್ ನೆಲಕ್ಕೂ ಎರಡಡಿ-ನಾಲ್ಕಡಿ ಅಳತೆಯ ಟೈಲ್ಸ್ ಹಾಕಿಸುವ ಆಸೆ: ನೀವು ಬರೆದಿರುವ ಇದಿಷ್ಟೂ ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ನಮ್ಮ ಮನೆಯಲ್ಲಿ ಇದ್ದದ್ದೇ. ಯಾವ ಕಂಪನಿಯ ಟೈಲ್ಸ್ ಒಳ್ಳೆಯದು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ಅಂಗಡಿಯಲ್ಲಿ ನೀವು ನೋಡುವ ಟೈಲ್ಸಿನ ಬಹುಪಾಲು ಗುಜರಾತಿನ ಮೋರ್ಬಿಯಿಂದಲೇ ಬರುತ್ತದೆ, ಮತ್ತು ಡಬ್ಬದ ಮೇಲಿನ ಹೆಸರಿಗೂ ನಿಮ್ಮ ಸೋರಿಕೆಗೂ ಯಾವ ಸಂಬಂಧವೂ ಇಲ್ಲ.

ಮಲೆನಾಡಿನ ಬಾಗಿಲಿನಲ್ಲಿರುವ ಊರಾದ್ದರಿಂದ ಸೂರಿನ ಕಲೆಯನ್ನು ನಾವು ಬಹುಕಾಲ ಮಳೆಗಾಲದ ತೇವವೆಂದೇ ನಂಬಿದ್ದೆವು. ಮಾರ್ಚ್ ತಿಂಗಳ ಬಿಸಿಲಿನಲ್ಲೂ ಅದು ಒಣಗದೆ, ಅಂಚಿನಲ್ಲಿ ಉಪ್ಪಿನಂತಹ ಬಿಳಿ ಪುಡಿ ಉದುರತೊಡಗಿದಾಗ ಮೇಸ್ತ್ರಿಯನ್ನು ಕರೆಸಿದೆವು. ಬಚ್ಚಲಿನ ನೆಲದ ಸಂದುಗಳಲ್ಲಿದ್ದ ಸಿಮೆಂಟ್ ಕಿತ್ತುಹೋಗಿದೆ, ನೀರು ಅಲ್ಲಿಂದಲೇ ಇಳಿಯುತ್ತಿದೆ, ಮೇಲೊಂದು ಪದರ ಟೈಲ್ಸ್ ಬಂದರೆ ಅದಕ್ಕೆ ದಾರಿಯೇ ಇರುವುದಿಲ್ಲ ಎಂದು ಅವರು ವಿವರಿಸಿದರು. ಒಡೆಸಿದರೆ ಮನೆಯೆಲ್ಲ ಧೂಳು, ಅವಶೇಷ ಸಾಗಿಸುವ ಟ್ರ್ಯಾಕ್ಟರಿನ ಬಾಡಿಗೆ, ವಾರಗಟ್ಟಲೆ ಬಚ್ಚಲಿಲ್ಲದ ಪಾಡು. ನಾನು ಒಪ್ಪಿದೆ.

ಆ ಒಪ್ಪಿಗೆ ಹೇಗೆ ಕೆಟ್ಟಿತೆಂಬುದನ್ನು ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಬಚ್ಚಲಿನಲ್ಲೂ ಅದು ಹೀಗೆಯೇ ಕೆಡುತ್ತದೆ. ನೆಲದ ಟೈಲು 9 ಮಿ.ಮೀ., ಅದರಡಿಯ ಅಂಟು ಇನ್ನೊಂದು 4 ಮಿ.ಮೀ. ಎಂದಿಟ್ಟುಕೊಳ್ಳಿ. ಹಳೆಯ ನೆಲ ಒಟ್ಟು 13 ಮಿ.ಮೀ. ಏರಿತು. ಬಚ್ಚಲಿನ ನೆಲಕ್ಕೆ ನೀರು ಹೋಗುವ ತೂತಿನ ಕಡೆಗೆ ಮೀಟರಿಗೆ 10ರಿಂದ 12 ಮಿ.ಮೀ.ನಷ್ಟು ವಾಟ ಇರಬೇಕು. ಐದಡಿ-ಏಳಡಿಯ ನಮ್ಮ ಬಚ್ಚಲಿನಲ್ಲಿ ಬಾಗಿಲಿನಿಂದ ಆ ತೂತಿನಲ್ಲಿ ಕೂರಿಸಿದ ಬಟ್ಟಲಾದ ನಹಾನಿ ಟ್ರ್ಯಾಪ್‌ವರೆಗೆ ಎರಡು ಮೀಟರ್ ದೂರವಿರುವುದರಿಂದ ಕನಿಷ್ಠ 20 ಮಿ.ಮೀ. ಇಳಿಜಾರು ಬೇಕಿತ್ತು, ಮೊದಲು ಅಷ್ಟು ಇತ್ತು ಕೂಡ. ಆದರೆ ಬಾಗಿಲಿನ ಬಳಿ ನೆಲ ಏರಿದರೆ ಹೊಸ್ತಿಲು ಮುಳುಗುತ್ತದೆ, ಪ್ಲಾಸ್ಟಿಕ್ ಬಾಗಿಲು ನೆಲಕ್ಕೆ ಉಜ್ಜುತ್ತದೆ. ಆದ್ದರಿಂದ ಅಲ್ಲಿ ಅಂಟನ್ನು ತೆಳುವಾಗಿ ಬಳಿದು, ಟ್ರ್ಯಾಪ್‌ನ ಕಡೆ ದಪ್ಪಗೆ ಕೊಟ್ಟು ಹೊಂದಿಸಿದರು. ರಸಮಟ್ಟವಿಟ್ಟು ನೋಡಿದಾಗ ನೆಲ ಸುಂದರವಾಗಿ ಸಮತಟ್ಟಾಗಿತ್ತು. ಬಚ್ಚಲಿನ ನೆಲಕ್ಕೆ ಅದಕ್ಕಿಂತ ದೊಡ್ಡ ದೋಷವಿಲ್ಲ. ಸಾಲದೆಂಬಂತೆ ನಾನು ಆರಿಸಿದ್ದು ಎರಡಡಿ-ಎರಡಡಿಯ ಟೈಲ್ಸ್. ಅಷ್ಟು ದೊಡ್ಡ ಚಪ್ಪಡಿಯನ್ನು ಒಂದೇ ಮೂಲೆಯ ತೂತಿನ ಕಡೆಗೆ ಎರಡು ದಿಕ್ಕಿನಿಂದಲೂ ಬಾಗಿಸಬೇಕಾದರೆ ಮೂಲೆಯಿಂದ ಮೂಲೆಗೆ ಸೀಳಲೇಬೇಕು, ಸೀಳಿದರೆ ಅಂದ ಕೆಡುತ್ತದೆಂದು ನಾನೇ ಬೇಡವೆಂದಿದ್ದೆ.

ವಾಟ ಹೋದದ್ದು ಅರ್ಧ ಕಥೆ. ನೆಲ ಏರಿದ್ದರಿಂದ ಹಳೆಯ ಟ್ರ್ಯಾಪ್‌ನ ಬಾಯಿ ಕೆಳಗೇ ಉಳಿಯಿತು. ಹೊಸ ಸ್ಟೀಲ್ ಜಾಲರಿಯನ್ನು ಹೊಸ ಮಟ್ಟದಲ್ಲಿ ಕೂರಿಸಿ, ಎರಡರ ನಡುವೆ ಬಳೆಯಷ್ಟು ಅಗಲದ ತೆರಪಿಗೆ ವೈಟ್ ಸಿಮೆಂಟ್ ತುಂಬಿದರು. ಬಿಸಿನೀರು, ತಣ್ಣೀರು, ಅಮ್ಮ ವಾರಕ್ಕೊಮ್ಮೆ ಸುರಿಯುತ್ತಿದ್ದ ಆಸಿಡ್, ಇವುಗಳ ಮುಂದೆ ವೈಟ್ ಸಿಮೆಂಟ್ ನಿಲ್ಲುವ ಮಾತೇ ಇಲ್ಲ. ಅದು ಬಿರಿದ ಮೇಲೆ ನೀರು ಎರಡು ಪದರಗಳ ಮಧ್ಯೆ ಸೇರಿತು. ಅಲ್ಲಿ ಅದಕ್ಕೆ ಬೇಕಾದಷ್ಟು ಜಾಗವೂ ಇತ್ತು, ಏಕೆಂದರೆ ಅಂಟನ್ನು ಟೈಲಿನ ಹಿಂಭಾಗಕ್ಕೆ ಪೂರ್ತಿ ಬಳಿಯದೆ ನಾಲ್ಕು ಮೂಲೆಗೊಂದು, ನಡುವಿಗೊಂದು ಉಂಡೆಯಿಟ್ಟು ಒತ್ತಿದ್ದರು. ಹೀಗೆ ನಿಂತ ನೀರಿಗೆ ಬಿಸಿಲಿಲ್ಲ, ಗಾಳಿಯಿಲ್ಲ, ಟ್ರ್ಯಾಪ್‌ನ ಸುತ್ತಲಿನ ಹಳೆಯ ಬಿರುಕೊಂದೇ ದಾರಿ. ಮೂಲ ಸೋರಿಕೆ ಇದ್ದದ್ದು ಅದೇ ಬಿರುಕಿನಲ್ಲಿ. ಮೊದಲು ಸ್ನಾನದ ಹೊತ್ತಿಗಷ್ಟೇ ನೀರು ಕಾಣುತ್ತಿದ್ದ ಬಿರುಕಿಗೆ ನಾವು ದುಡ್ಡು ಕೊಟ್ಟು ಇಪ್ಪತ್ನಾಲ್ಕು ಗಂಟೆಯ ಸರಬರಾಜು ಮಾಡಿಸಿದ್ದೆವು. ಕೆಳಗಿನ ಸೂರಿನ ಕಲೆ ಅಂಗೈಯಗಲದಿಂದ ಹಾಸಿಗೆಯಗಲವಾಯಿತು.

ಕೊನೆಗೆ ಒಡೆಸಿದೆವು. ಈ ಬಾರಿ ಎರಡು ಪದರ ಒಡೆಯಬೇಕಾದ್ದರಿಂದ ಕೂಲಿಯೂ ಹೆಚ್ಚಾಯಿತು. ಹೊಸ ಟೈಲುಗಳು ಕರಣೆಯ ತುದಿಗೇ ಎದ್ದುಬಂದವು, ಅವುಗಳ ಬೆನ್ನಿನ ಮೇಲೆ ಐದು ಉಂಡೆಗಳ ಗುರುತು ಬಿಟ್ಟರೆ ಉಳಿದದ್ದೆಲ್ಲ ಅಂಟೇ ತಾಗದೆ ಕಪ್ಪುಗಟ್ಟಿತ್ತು. ಅದರ ಕೆಳಗೆ, ಸ್ಲ್ಯಾಬನ್ನು ತಗ್ಗಿಸಿ ಇಟ್ಟಿಗೆ ಚೂರು ತುಂಬಿಸಿದ್ದ ಜಾಗದಲ್ಲಿ, ಚೂರುಗಳು ನೀರು ಕುಡಿದು ಹಸಿಯಾಗಿ ಕುಳಿತಿದ್ದವು. ಅದೆಲ್ಲವನ್ನೂ ತೆಗೆಯದೆ ಮೇಲೆ ಏನು ಬಳಿದರೂ ವ್ಯರ್ಥ.

ಆದ್ದರಿಂದ ನನ್ನ ಸಲಹೆ: ಬಚ್ಚಲನ್ನು ಸ್ಲ್ಯಾಬ್‌ವರೆಗೆ ಒಡೆಸಿ. ಅದಕ್ಕೆ ಮೊದಲು ಸೋರುತ್ತಿರುವುದು ಯಾವುದೆಂದು ತಿಳಿದುಕೊಳ್ಳಿ. ಕೆಲವು ದಿನ ಆ ಬಚ್ಚಲನ್ನು ಬಳಸದಿದ್ದಾಗ ಕಲೆ ಒಣಗುತ್ತಾ ಬಂದರೆ ದೋಷ ನೆಲದಲ್ಲೋ ಹೊರಹೋಗುವ ಪೈಪಿನಲ್ಲೋ ಇದೆ. ಬಳಸದಿದ್ದರೂ ಹಾಗೆಯೇ ಉಳಿದರೆ ಗೋಡೆಯೊಳಗಿನ ನಲ್ಲಿಯ ಪೈಪನ್ನು ಅನುಮಾನಿಸಬೇಕು. ಒಡೆಸಿದ ಮೇಲೆ ಪೈಪು ಮತ್ತು ಟ್ರ್ಯಾಪ್ ಬದಲಿಸಿ, ಗೋಡೆ ಮತ್ತು ನೆಲ ಸೇರುವ ಮೂಲೆಗಳನ್ನು ಗುಂಡಾಗಿ ಗಾರೆ ಮಾಡಿಸಿ, ನೀರು ತಡೆಯುವ ಲೇಪವನ್ನು ಎರಡು ಕೋಟು, ಎರಡನೆಯದು ಮೊದಲನೆಯದಕ್ಕೆ ಅಡ್ಡ ದಿಕ್ಕಿನಲ್ಲಿ, ಗೋಡೆಯ ಮೇಲೂ ಒಂದಡಿಯಷ್ಟು ಏರಿಸಿ ಬಳಿಸಬೇಕು. ಷವರ್ ಇರುವ ಗೋಡೆಯಲ್ಲಿ ಇನ್ನೂ ಮೇಲಕ್ಕೆ ಹೋಗಬೇಕು. ಲೇಪ ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ, ಒಂದೆರಡು ಅಂಗುಲ ನೀರು ನಿಲ್ಲಿಸಿ, ಅದರ ಮಟ್ಟವನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿ, 48 ಗಂಟೆ ಬಿಡಿ. ಮೇಸ್ತ್ರಿಗಳು ಈ ಹಂತವನ್ನು ಹಾರಿಸಲು ಹತ್ತು ಕಾರಣ ಕೊಡುತ್ತಾರೆ. ನೀವು ಮಣಿಯಬೇಡಿ. ನೆಲಕ್ಕೆ ಒಂದಡಿ-ಒಂದಡಿಯ ಒರಟು ಮೈಯ ಟೈಲು ಸಾಕು. ಸಂದು ಹೆಚ್ಚಾಗುತ್ತದೆಂದು ಅಂಗಡಿಯವರು ಮೂಗು ಮುರಿದರೆ ಮುರಿಯಲಿ, ಚಿಕ್ಕ ಟೈಲಿಗೆ ವಾಟ ತಾನಾಗಿ ಕೂರುತ್ತದೆ. ಸಂದುಗಳಿಗೆ ಎಪಾಕ್ಸಿ ಗ್ರೌಟ್, ಅಂದರೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಸಂದು ತುಂಬುವ ಕಲಸು, ಹಾಕಿಸಿ. ಬೆಲೆ ಹೆಚ್ಚು, ಬೇಗ ಗಟ್ಟಿಯಾಗುವುದರಿಂದ ಆಗಿಂದಾಗಲೇ ಒರೆಸುವ ಕೈ ಬೇಕು, ಆದರೆ ನಮ್ಮ ಕಡೆಯ ಆಸಿಡ್ ತೊಳೆತವನ್ನು ಸಿಮೆಂಟಿನ ಗ್ರೌಟ್ ತಾಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಡುಮನೆಯ ವಿಷಯದಲ್ಲಿ ನಿಮ್ಮ ಮೇಸ್ತ್ರಿಯ ಮಾತನ್ನೇ ಒಪ್ಪುತ್ತೇನೆ. ಅಲ್ಲಿ ನೀರು ನಿಲ್ಲುವುದಿಲ್ಲ, ವಾಟದ ಪ್ರಶ್ನೆಯಿಲ್ಲ. ಮೊಸಾಯಿಕ್ ಗಟ್ಟಿಯಾಗಿದ್ದರೆ, ಅಂದರೆ ನಾಣ್ಯದಿಂದ ತಟ್ಟಿದಾಗ ಎಲ್ಲಿಯೂ ಟೊಳ್ಳು ಸದ್ದು ಬಾರದಿದ್ದರೆ, ಪಾಲಿಶ್ ಹೋಗುವಂತೆ ಕೆರೆದು ಮೇಲೆಯೇ ಹಾಕಿಸಬಹುದು. ಬಾಗಿಲುಗಳ ಕೆಳಗನ್ನು ಕೊಯ್ಯಬೇಕಾಗುತ್ತದೆ ಅಷ್ಟೆ. ಆದರೆ ಬರೀ ಸಿಮೆಂಟಿನ ತೆಳು ಕಲಸಿನಲ್ಲಿ ಕೂರಿಸಲು ಬಿಡಬೇಡಿ. ಗೋಡೆಗೆ ಹಾಕುವ ಸೆರಾಮಿಕ್ ಟೈಲು ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಹೀರುತ್ತದೆ, ಆದ್ದರಿಂದಲೇ ಅದನ್ನು ನೆನೆಸಿ ಸಿಮೆಂಟಿನಲ್ಲಿ ಅಂಟಿಸುವ ಪದ್ಧತಿ ನಡೆದುಬಂತು. ನಡುಮನೆಗೆ ನೀವು ಬಯಸಿರುವಂಥ ದೊಡ್ಡ ಅಳತೆಯ ವಿಟ್ರಿಫೈಡ್ ಟೈಲು, ಅಂದರೆ ಗಾಜಿನಂತೆ ಬಿಗಿಯಾಗುವಷ್ಟು ಸುಟ್ಟ ಟೈಲು, ಹೀರುವುದು ಶೇ. 0.5ಕ್ಕಿಂತ ಕಡಿಮೆ. ಸಿಮೆಂಟ್ ಒಳಗಿಳಿದು ಹಿಡಿಯಲು ಅದರಲ್ಲಿ ರಂಧ್ರಗಳೇ ಇಲ್ಲವಾದ್ದರಿಂದ ಒಂದೆರಡು ಬೇಸಿಗೆಯಲ್ಲಿ ಬಿಟ್ಟುಕೊಂಡು ಟೆಂಟಿನಂತೆ ಏಳುತ್ತದೆ. ಅಂಟಿನ ಚೀಲದ ಮೇಲೆ ಐಎಸ್ 15477 ಎಂಬ ಮಾನಕದ ಸಂಖ್ಯೆಯ ಜೊತೆಗೆ ಟೈಪ್, ಅಂದರೆ ಅಂಟಿನ ದರ್ಜೆ, ಯಾವುದೆಂದು ಅಚ್ಚಾಗಿರುತ್ತದೆ. ಹಳೆಯ ನೆಲದ ಮೇಲೆ ದೊಡ್ಡ ಟೈಲು ಹಾಕಲು ಟೈಪ್ 1 ಸಾಲದು. 20 ಕೆ.ಜಿ.ಯ ಚೀಲ 3 ಮಿ.ಮೀ. ದಪ್ಪಕ್ಕೆ ಸುಮಾರು 50 ಚದರಡಿ ಬರುತ್ತದೆ. ಅದಕ್ಕಿಂತ ಬಹಳ ಹೆಚ್ಚು ಬಂದರೆ ನಿಮ್ಮ ಮನೆಯಲ್ಲೂ ಉಂಡೆಗಳು ಬೀಳುತ್ತಿವೆ ಎಂದರ್ಥ. ಹಲ್ಲಿನ ಕರಣೆಯಲ್ಲಿ ಪೂರ್ತಿ ಎಳೆದಿದ್ದಾರೆಯೇ ಎಂದು ನೋಡಲು, ಆಗತಾನೆ ಕೂರಿಸಿದ ಒಂದು ಟೈಲನ್ನು ನಿಮ್ಮೆದುರಿಗೇ ಎಬ್ಬಿಸಿ ಬೆನ್ನು ತೋರಿಸುವಂತೆ ಕೇಳಿ. ಗೋಡೆಯ ಅಂಚಿನಲ್ಲಿ ಸುತ್ತಲೂ 6-8 ಮಿ.ಮೀ. ಸಂದು ಬಿಡಿಸಿ, ಗೋಡೆಯ ಬುಡಕ್ಕೆ ಹಾಕುವ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚುತ್ತದೆ.

ಕೂಲಿಯ ಕೊನೆಯ ಕಂತನ್ನು ಬಚ್ಚಲಿನ ನೆಲಕ್ಕೆ ಒಂದು ಬಕೆಟ್ ನೀರು ಸುರಿದು, ಅದೆಲ್ಲ ತಾನಾಗಿ ಹರಿದುಹೋದದ್ದನ್ನು ನೋಡಿದ ಮೇಲೆ ಕೊಡಿ. ಕೆಳಗಿನ ಕೋಣೆಯ ಸೂರಿಗೆ ತಕ್ಷಣ ಬಣ್ಣ ಬಳಿಸಬೇಡಿ. ಸ್ಲ್ಯಾಬಿನೊಳಗೆ ಸೇರಿದ ನೀರು ಒಣಗಲು ತಿಂಗಳುಗಳೇ ಬೇಕು. ಅದಕ್ಕೂ ಮೊದಲು ಕಲೆಯಿದ್ದ ಕಡೆಯಲ್ಲೆಲ್ಲ ಸೂರನ್ನು ತಟ್ಟಿ ನೋಡಿ. ಗಿಲಾವು ಟೊಳ್ಳಾಗಿದ್ದರೆ ಕೆಡವಿಸಿ, ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ ಎಂದು ಒಬ್ಬ ಇಂಜಿನಿಯರಿಗೆ ತೋರಿಸಿ. ನಮ್ಮ ಮನೆಯಲ್ಲಿ ಎರಡು ಸರಳುಗಳು ಸಿಪ್ಪೆಯೇಳುವಷ್ಟು ಕೆಟ್ಟಿದ್ದವು.