ವಿಶ್ವಕ್ಕೆ ಕೊನೆ ಇದೆಯೇ? ಅದರಲ್ಲಿರುವ ವಸ್ತುವೂ ಅನಂತವೇ?

ನಮಗೆ ಕಾಣುವ ವಿಶ್ವಕ್ಕಂತೂ ಮಿತಿ ಇದೆ. ಅದರ ಅಡ್ಡಳತೆ ಸುಮಾರು 9,300 ಕೋಟಿ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ವಿಶ್ವದ ವಯಸ್ಸು 1,380 ಕೋಟಿ ವರ್ಷ ಅಲ್ವಾ, ಮತ್ತೆ ಇಷ್ಟು ಅಗಲ ಹೇಗೆ? ಬೆಳಕು ದಾರಿಯಲ್ಲಿದ್ದಾಗಲೇ ನಡುವಿನ ಜಾಗ ಹಿಗ್ಗುತ್ತಾ ಹೋಗಿದೆ. ಇದರೊಳಗಿನ ಪರಮಾಣುಗಳು ಹೆಚ್ಚುಕಡಿಮೆ 1ರ ಮುಂದೆ 80 ಸೊನ್ನೆ. ದೊಡ್ಡ ಲೆಕ್ಕವೇ, ಆದರೆ ಮುಗಿಯುವ ಲೆಕ್ಕ.

ಅದರಾಚೆ? ವಿಶ್ವದ ಅತಿ ಹಳೆಯ ಬೆಳಕನ್ನು ಅಳೆಯಲು 2009ರಲ್ಲಿ ಹಾರಿಸಿದ ಪ್ಲಾಂಕ್ ಉಪಗ್ರಹದ ಅಳತೆಗಳ ಪ್ರಕಾರ ಜಾಗ ಬಹುಮಟ್ಟಿಗೆ ಸಪಾಟಾಗಿದೆ, ಬಾಗಿಲ್ಲ. ಸಪಾಟು ಅಂದಮಾತ್ರಕ್ಕೆ ಅನಂತ ಅಂತಲ್ಲ. ಹಳೇ ಮೊಬೈಲಿನ ಹಾವಿನ ಆಟ ನೆನಪಿದೆಯಾ? ಬಲಗಡೆ ಮಾಯವಾದ ಹಾವು ಎಡಗಡೆಯಿಂದ ಬರುತ್ತಿತ್ತು. ಪರದೆ ಸಪಾಟು, ಹಾವಿಗೆ ಗೋಡೆಯೂ ಅಡ್ಡ ಬರುವುದಿಲ್ಲ, ಆದರೂ ಜಾಗ ಪುಟ್ಟದು. ವಿಶ್ವವೂ ಹೀಗೆ ಸುತ್ತಿಕೊಂಡಿರಬಹುದೇ ಎಂದು ಆಕಾಶದಲ್ಲಿ ಒಂದೇ ಚಿತ್ರ ಎರಡು ಕಡೆ ಕಾಣುತ್ತದೆಯೇ ಅಂತ ಹುಡುಕಿದ್ದಾರೆ. ಸಿಕ್ಕಿಲ್ಲ. ಹಾಗಾಗಿ ಸುತ್ತಿಕೊಂಡಿದ್ದರೂ ಅದು ತುಂಬಾ ದೊಡ್ಡದೇ ಇರಬೇಕು.

ಇನ್ನು ವಸ್ತು. ದೊಡ್ಡ ಅಳತೆಯಲ್ಲಿ ನೋಡಿದರೆ ಗ್ಯಾಲಕ್ಸಿಗಳು ಎಲ್ಲ ಕಡೆ ಒಂದೇ ಸಮ ಹರಡಿವೆ. ಆಚೆಗೂ ಹೀಗೇ ಇದ್ದು, ಜಾಗ ಅನಂತವಾಗಿದ್ದರೆ ವಸ್ತುವೂ ಅನಂತ. ಎಲ್ಲೋ ಒಂದು ಕಡೆ ಸುಮ್ನೆ ವಸ್ತು ಮುಗಿದು ಬರೀ ಖಾಲಿ ಜಾಗ ಶುರುವಾಗುತ್ತದೆ ಅನ್ನುವುದೇ ನನಗೆ ಜಾಸ್ತಿ ವಿಚಿತ್ರ.